ಒಂದು ಗಂಟಿನ ಜಾಗ

ಮೊನ್ನೆ ಪುಣೆಯ ಶಿವಾಜಿನಗರದಲ್ಲಿ ಇಂಡಿ ಬಸ್ಸಿಗೆ ಕಾಯುತ್ತ ಕೂತಿದ್ದೆ. ಮಳೆ ಆಗಷ್ಟೇ ಬಿಟ್ಟಿತ್ತು. ತೊಡೆಯ ಮೇಲಿನ ಚೀಲದಿಂದ ಗುರೆಳ್ಳು ಚಟ್ನಿಪುಡಿಯ, ನಮ್ಮ ಮಾತಿನ ಹಿಂಡಿಯ, ವಾಸನೆ ಬಂತು. ಹಿಂಡಿ ನನ್ನದಲ್ಲ, ಊರಿಗೆ ಮುಟ್ಟಿಸು ಎಂದು ಒಬ್ಬರು ಕೊಟ್ಟ ಗಂಟಿನದು. ಬಳ್ಳೊಳ್ಳಿ ಹಾಕಿ ಕುಟ್ಟಿದ ಹಿಂಡಿಯನ್ನು ಎಷ್ಟು ಬಿಗಿದು ಕಟ್ಟಿದರೂ ವಾಸನೆ ಹೊರಗೆ ಬಂದೇ ಬರುತ್ತದೆ. ಪಕ್ಕದಲ್ಲಿ ಕೂತಿದ್ದ ಪ್ಯಾಂಟಿನವನು ಮೂಗು ಮುಚ್ಚಿಕೊಂಡು ಎದ್ದು ಹೋದ. ಹೋಗಲಿ, ನನಗೆ ಕಾಲು ಚಾಚಲು ಜಾಗವಾಯಿತು. ಆ ವಾಸನೆಗೆ ಹೋದ ವರ್ಷದ ಮಳೆಗಾಲ ನೆನಪಾಯಿತು. ನನ್ನ ಮೊಮ್ಮಗಳು ಅಂಬಿಕಾ ಮನೆಯಲ್ಲಿ ಕೂತು ಫೋನಿನೊಳಗೆ ಒಂದು ಪುಟ ಮಾಡಿದ ಮಳೆಗಾಲ ಅದು.

ನಾವು ಖಡಕಿಯಲ್ಲಿ ರೈಲ್ವೆ ಲೈನಿನ ಹಿಂದಿನ ಗಲ್ಲಿಯವರು. ನನ್ನ ಗಂಡ ಇಟ್ಟಿಗೆ ಹೊರಲು ಬಂದವನು, ಇಲ್ಲೇ ಗೌಂಡಿಯಾದ, ಇಲ್ಲೇ ಸತ್ತ. ಮಗ ಮಲ್ಲಪ್ಪ ಸೆಂಟ್ರಿಂಗ್ ಮೇಸ್ತ್ರಿ. ಸೊಸೆ ಸುಶೀಲಾ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಮಾರುತ್ತಾಳೆ. ಅಂಬಿಕಾ ಇವರ ಮಗಳು. ಗಲ್ಲಿಯಲ್ಲಿ ಅರ್ಧ ಜನ ಇಂಡಿ, ಸಿಂದಗಿ ಕಡೆಯವರೇ. ಹೊರಗೆ ಹೋದರೆ ಮರಾಠಿ, ಒಳಗೆ ಬಂದರೆ ನಮ್ಮ ಮಾತು.

ನಮ್ಮವರು ಊರಿಗೆ ಏನಾದರೂ ಕಳಿಸುವುದೆಂದರೆ ಕೊರಿಯರ್‌ನಲ್ಲಿ ಅಲ್ಲ. ಕೊರಿಯರ್ ಇಂಡಿಯವರೆಗೆ ಬಂದು ಕೂರುತ್ತದೆ, ಮುಂದೆ ಹಳ್ಳಿಗೆ ನಡೆಯಲು ಅದಕ್ಕೆ ಕಾಲಿಲ್ಲ. ಯಾರು ಊರಿಗೆ ಹೊರಟಿದ್ದಾರೋ ಅವರ ಕೈಯಲ್ಲಿ ಗಂಟು ಕೊಡಬೇಕು. ಔಷಧ, ಸೀರೆ, ಮಕ್ಕಳ ಚಪ್ಪಲಿ, ಏನಾದರೂ ಇರಬಹುದು. ಬರುವಾಗ ಅವರು ಅಲ್ಲಿಂದ ಬೇಳೆ, ಜೋಳ ತರುತ್ತಾರೆ. ಮುಂದೆ ತಂದಿಟ್ಟ ಗಂಟನ್ನು ಒಲ್ಲೆ ಅನ್ನುವ ಹಾಗಿಲ್ಲ. ಇವತ್ತು ಒಲ್ಲೆ ಅಂದವನ ಗಂಟನ್ನು ನಾಳೆ ಯಾರೂ ಮುಟ್ಟುವುದಿಲ್ಲ. ಯಾರು ಯಾವಾಗ ಹೊರಟಿದ್ದಾರೆ ಎಂದು ಹೆಂಗಸರು ಗಿರಣಿಯ ಮುಂದೆ ನಿಂತು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಅಂಬಿಕಾ ಚಿಕ್ಕಂದಿನಿಂದ ನನ್ನ ಜೊತೆ ಜೋಳದ ಡಬ್ಬಿ ಹಿಡಿದು ಆ ಗಿರಣಿಗೆ ಬಂದವಳು. ಹಾಗಾಗಿ ಅವಳ ತಲೆಗೆ ಇದೇ ಹೊಳೆದಿರಬೇಕು.

ಅವಳು ಶಿವಾಜಿನಗರದ ಕಾಲೇಜಿನಲ್ಲಿ ಕಂಪ್ಯೂಟರ್ ಡಿಗ್ರಿ ಮುಗಿಸಿದ್ದಳು. ಕಾಲೇಜಿಗೆ ಕಂಪನಿಯವರು ಬಂದರು, ಕೇಳಿದರು, ಹೋದರು. ಇವಳನ್ನು ತೆಗೆದುಕೊಳ್ಳಲಿಲ್ಲ. ನಿನ್ನಷ್ಟಕ್ಕೆ ನೀನು ಏನಾದರೂ ಮಾಡಿದ್ದರೆ ತೋರಿಸು ಅಂದರಂತೆ. ಇವಳ ಹತ್ತಿರ ತೋರಿಸಲು ಏನೂ ಇರಲಿಲ್ಲ. ಅವತ್ತಿನಿಂದ ಹಳೆಯ ಲ್ಯಾಪ್‌ಟಾಪ್ ಮುಂದೆ ಕೂತಳು.

ಮಲ್ಲಪ್ಪ ಕೆಲಸದಿಂದ ಬಂದು ಕಾಲು ತೊಳೆಯುವಾಗ ದಿನಾ ಇವಳು ಹಾಗೇ ಕೂತಿರುವುದನ್ನು ನೋಡಿ ಒಂದು ದಿನ ಅಂದ, "ಗಣಪತಿ ಕುಂದ್ರೂತನಕ ನೋಡ್ತೀನಿ. ಆಮ್ಯಾಲ ಸದಾಶಿವ ಪೇಠದಾಗ ಅಂಗಡಿ ಒಂದ್ ಅದ. ಬಿಲ್ ಮಾಡಾಕ ಹುಡುಗಿ ಬೇಕಂತ. ಹೋಗಬೇಕು."

"ನಾ ಮಾಡಿದ್ದನ್ನ ಮಂದಿ ಬಳಸಿದರ ಅಪ್ಪಾ?"

"ಯಾವ ಮಂದಿ? ಅಮೇರಿಕಾದವರು ಬಳಸಿದರ ನನಗೇನ ಕಾಣತದೇನ? ನಮ್ಮ ಗಲ್ಲಿಯವರು ಬಳಸಲಿ, ಆವಾಗ ಹೇಳ."

ಮಾತು ಅಷ್ಟೇ. ನನಗೂ ಅದು ಸರಿ ಅನಿಸಿತು. ಅಂಗಡಿಯ ಕೆಲಸ ಕೆಟ್ಟದ್ದೇನಲ್ಲ, ನೆರಳಿನಲ್ಲಿ ಕೂರುವ ಕೆಲಸ. ಅಂಬಿಕಾ ಮಾತ್ರ ತಟ್ಟೆ ಸರಿಸಿ ಮತ್ತೆ ಲ್ಯಾಪ್‌ಟಾಪ್ ಮುಂದೆ ಕೂತಳು. ಅಲ್ಲಿ ಕೂತರೆ ಮತ್ತೆ ಏಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಆಷಾಢದಲ್ಲಿ ಪುಟ ತಯಾರಾಯಿತು. ಹೆಸರು "ಗಂಟು". ಒಂದು ಕಡೆ ಊರಿಗೆ ಹೋಗುವವರು ತಮ್ಮ ಹೆಸರು, ಹೊರಡುವ ದಿನ ಹಾಕಬೇಕು. ಇನ್ನೊಂದು ಕಡೆ ಗಂಟು ಕಳಿಸುವವರು ಹಾಕಬೇಕು. ಎರಡನ್ನೂ ಪುಟ ಜೋಡಿಸಿ ಕೊಡುತ್ತದೆ. ನನಗೆ ತೋರಿಸಿದಳು. ನಾನು ನಾಲ್ಕನೇ ಇಯತ್ತೆಯವರೆಗೆ ಕಲಿತವಳು, ಅಕ್ಷರ ದೊಡ್ಡದಿದ್ದರೆ ಓದುತ್ತೇನೆ. ಮೊದಲನೆಯ ಗುಂಡಿಯ ಮೇಲೆ "ಊರಿಗೆ ಹೋಗುತ್ತೇನೆ" ಎಂದು ಬರೆದಿದ್ದಳು.

"ಹೋಗ್ತೀನಿ ಅಂತ ಯಾರರ ಅಂತಾರೇನ? ಹೋಗಿ ಬರ್ತೀನಿ ಅಂತ ಬರಿ" ಅಂದೆ.

"ಗುಂಡಿಯೊಳಗ ಹಿಡಸೂದಿಲ್ಲ ಆಯಿ."

"ಗುಂಡಿ ದೊಡ್ಡದ ಮಾಡ."

ದೊಡ್ಡದು ಮಾಡಿದಳು. ನಮ್ಮಲ್ಲಿ ಅಜ್ಜಿಗೆ ಆಯಿ ಅನ್ನುತ್ತಾರೆ. ತಾಯಿಗೆ ಆಯಿ ಅನ್ನುವ ಪುಣೆಯವರು ಅದನ್ನು ಕೇಳಿ ನಾನೇ ಇವಳ ತಾಯಿ ಎಂದು ತಿಳಿದು ನನ್ನ ವಯಸ್ಸು ನೋಡಿ ಗಾಬರಿಯಾಗುತ್ತಾರೆ.

ಆಮೇಲೆ ಸ್ಮಿತಾ ಬಂದಳು. ಇವಳು ಹಾಸನದ ಹುಡುಗಿ, ಐಟಿ ಕಂಪನಿಯಲ್ಲಿ ಕೆಲಸ, ದೊಡ್ಡ ರಸ್ತೆಯ ಬಿಲ್ಡಿಂಗಿನಲ್ಲಿ ಬಾಡಿಗೆಗೆ ಇದ್ದಾಳೆ. ಸುಶೀಲಾಳ ಹತ್ತಿರ ರೊಟ್ಟಿ ಒಯ್ಯುತ್ತಾಳೆ. ಮೊದಲ ದಿನ ಕಡಕ್ ರೊಟ್ಟಿ ಕಚ್ಚಿ, "ಅಜ್ಜಿ, ಇದು ಹಪ್ಪಳನಾ?" ಎಂದು ಕೇಳಿದವಳು. ಪುಟ ನೋಡಿ ಕುಣಿದುಬಿಟ್ಟಳು.

"ಅಂಬಿಕಾ, ಇದನ್ನ ಸುಮ್ನೆ ಇಟ್ಕೋಬೇಡ ಕಣೇ. ನೆಟ್‌ನಲ್ಲಿ ಲಾಂಚ್ ಮಾಡು. ಮನೇಲಿ ಕೂತು ಮಾಡಿದ್ದನ್ನ ಹಾಕೋಕೇ ಅಂತ ಸೈಟ್ ಇದೆ. ಎಲ್ಲ ದೇಶದವ್ರೂ ನೋಡ್ತಾರೆ, ಓಟ್ ಹಾಕ್ತಾರೆ. ಮಂಗಳವಾರ ಹಾಕು."

"ಮಂಗಳವಾರ ಹೊಸಾ ಕೆಲಸ ಚಾಲೂ ಮಾಡ್ತಾರೇನ?" ಅಂದೆ.

"ಅಜ್ಜಿ, ಸೋಮವಾರ ಎಲ್ರೂ ಕೆಲ್ಸ ಮಾಡ್ತಿರ್ತಾರೆ. ಮಂಗಳವಾರ ಕೆಲ್ಸ ಬಿಟ್ಟು ಇಂಥದ್ದು ನೋಡ್ತಾರೆ. ಇನ್ನೊಂದು, ಗಂಟು ಅಂದ್ರೆ ಯಾರಿಗೂ ಅರ್ಥ ಆಗಲ್ಲ. ಬಂಡಲ್ ಬಡ್ಡಿ ಅಂತ ಇಡೋಣ."

"ನಾವೇನ ಸಾಲಾ ಕೊಡಾಕ ಕುಂತೀವೇನ?"

"ಬಡ್ಡಿ ಅಂದ್ರೆ ಗೆಳೆಯ ಅಜ್ಜಿ, ಇಂಗ್ಲಿಷಲ್ಲಿ!"

"ಬಡ್ಡಿ ತೊಗೊಳ್ಳಾವ ಯಾವ ಊರ ಗೆಳೆಯ?"

ಸುಶೀಲಾ ನಕ್ಕು ನಕ್ಕು ರೊಟ್ಟಿ ಹೊತ್ತಿಸಿದಳು. ಹೆಸರು ಗಂಟು ಎಂದೇ ಉಳಿಯಿತು.

ಮಂಗಳವಾರ ಹಾಕಿದರು. ಅಂಬಿಕಾ ಚಹಾ ಮುಟ್ಟಲಿಲ್ಲ. ಫೋನು ಟಿಣ್ ಎಂದಾಗಲೆಲ್ಲ ನೋಡುತ್ತಿದ್ದಳು. ಒಬ್ಬೊಬ್ಬರಾಗಿ ಹೆಬ್ಬೆಟ್ಟು ಒತ್ತತೊಡಗಿದರು. ನಮ್ಮಲ್ಲಿ ಹೆಬ್ಬೆಟ್ಟು ಒತ್ತುವವರು ಓದು ಬಾರದವರು. ಅಲ್ಲಿ ಕಲಿತವರೇ ಒತ್ತುತ್ತಿದ್ದರು. ಕೆಳಗೆ ಏನೇನೋ ಬರೆಯುತ್ತಿದ್ದರು, ಅಂಬಿಕಾ ನನಗೆ ಓದಿ ಹೇಳುತ್ತಿದ್ದಳು. ಬಣ್ಣ ಚೆನ್ನಾಗಿದೆ ಎಂದ ಒಬ್ಬ. ಗಂಟಿನೊಳಗೆ ಅಫೀಮು ಇದ್ದರೆ ಯಾರು ಜವಾಬ್ದಾರಿ ಎಂದ ಇನ್ನೊಬ್ಬ. ಒಯ್ಯುವವರಿಗೆ ನಕ್ಷತ್ರ ಕೊಡುವ ವ್ಯವಸ್ಥೆ ಮಾಡಿ ಎಂದಳು ಒಬ್ಬಳು. ಕೊನೆಗೆ ಒಬ್ಬ ಬರೆದ, "ಇದಕ್ಕೆ ಸಾಫ್ಟ್‌ವೇರ್ ಯಾಕೆ? ಒಂದು ಫೋನ್ ಕಾಲ್ ಸಾಕಲ್ಲ."

ಅಷ್ಟು ಜನ ಹೊಗಳಿದ್ದು ಬಿಟ್ಟು ಅಂಬಿಕಾ ಆ ಒಂದು ಸಾಲನ್ನೇ ಮತ್ತೆ ಮತ್ತೆ ಓದಿದಳು.

"ಅವ ಖರೆ ಹೇಳ್ಯಾನ" ಅಂದೆ.

"ನೀ ಯಾರ ಕಡೆಯಾಕಿ ಆಯಿ?"

"ಯಾರ ಕಡೆಯಾಕಿನೂ ಅಲ್ಲ. ಚಹಾ ಆರಾಕತ್ತದ, ಕುಡಿ."

ಎರಡು ದಿನ ಹೆಬ್ಬೆಟ್ಟು ಬಂದವು. ಮೂರನೆಯ ದಿನ ಅಲ್ಲಿ ಬೇರೆ ಯಾರದೋ ಹೊಸ ಪುಟಗಳು ಬಂದಿದ್ದವು. ಇವಳದನ್ನು ಹುಡುಕಬೇಕಾದರೆ ಕೆಳಗೆ ಕೆಳಗೆ ಇಳಿಯಬೇಕಿತ್ತು. ಹೊಗಳಿದವರಲ್ಲಿ ಒಬ್ಬರೂ ಇಂಡಿಗೆ ಹೋಗುವವರಲ್ಲ.

ಆಗ ಅವಳು ಗಲ್ಲಿಗೆ ಇಳಿದಳು. ಗಿರಣಿಯ ಮುಂದೆ ನಿಂತು ಹೆಂಗಸರ ಫೋನಿಗೆಲ್ಲ ಪುಟದ ಲಿಂಕ್ ಕಳಿಸಿದಳು. ಗಿರಣಿಯವನು ಮರಾಠಿಯವನು, ನಾನೂ ಫೋನು ಹಿಡಿದು ನಿಂತಿದ್ದನ್ನು ಕಂಡು, "ಕಾಯ್ ಕಾಶೀಬಾಯಿ, ಕಂಪ್ಯೂಟರ್ ಶಿಕ್ಲಾತ್ ಕಾ?" ಎಂದು ಕೇಳಿದ. ಕಂಪ್ಯೂಟರ್ ಕಲಿತದ್ದು ನಾನಲ್ಲ, ನೀನು ಹಿಟ್ಟು ಸಣ್ಣಗೆ ಬೀಸುವುದನ್ನು ಕಲಿ ಎಂದು ಅವನ ಮಾತಿನಲ್ಲೇ ಹೇಳಿದೆ.

ಒಂದು ವಾರದಲ್ಲಿ ಪುಟದಲ್ಲಿ ಗಂಟುಗಳ ರಾಶಿ ಬಿತ್ತು. ಎಲ್ಲರೂ ಕಳಿಸುವವರೇ. ಒಯ್ಯುವವರ ಕಡೆ ಒಂದೂ ಹೆಸರಿಲ್ಲ.

"ಆಯಿ, ಈ ಮಳಿಗಾಲದಾಗ ಯಾರೂ ಊರಿಗೆ ಹೋಗೂದಿಲ್ಲೇನ?"

"ಹೋಗ್ತಾರ. ಹೇಳೂದಿಲ್ಲ."

ಅದು ಅವಳಿಗೆ ತಿಳಿಯಲಿಲ್ಲ. ಮರುದಿನ ಬೆಳಿಗ್ಗೆ ಹಾಲು ತರಲು ಇಬ್ಬರೂ ಹೊರಟಾಗ ಸಿದ್ರಾಮ ಎದುರಾದ. ಇವನು ನಮ್ಮ ಗಲ್ಲಿಯವನೇ, ಬಿಲ್ಡಿಂಗುಗಳಿಗೆ ಬಣ್ಣ ಹೊಡೆಯುತ್ತಾನೆ. ಕೈಯಲ್ಲಿ ಹೊಸ ಬಕೆಟ್ಟು, ಅದರ ಬಾಯಿಗೆ ಬಟ್ಟೆ ಕಟ್ಟಿದ್ದ. ಹಿಂದೆ ಹೆಂಡತಿ, ಅವಳ ಸೊಂಟದಲ್ಲಿ ಕೂಸು, ಕೂಸಿನ ಕಣ್ಣಿಗೆ ಕಾಡಿಗೆ. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು. ಹಾಗಾಗಿ, "ದೂರ ಏನೋ ಸಿದ್ರಾಮ?" ಅಂದೆ.

"ಇಲ್ಲೇ ಕಾಶವ್ವ, ಬಜಾರಕ್ಕ."

"ಬಜಾರಕ್ಕ ಹೋಗಾಕ ಕೂಸಿಗೆ ಕಾಡಿಗಿ ಯಾಕೋ? ಬಕೀಟಿನ್ಯಾಗ ಹಾಸಿಗಿ ಯಾಕ?"

ಹೆಂಡತಿ ಸೆರಗು ಬಾಯಿಗೆ ಹಿಡಿದು ನಕ್ಕಳು. ಸಿದ್ರಾಮ ಬಕೆಟ್ಟು ಕೆಳಗಿಟ್ಟ.

"ನಿನ್ನ ಕಾಲ ಬೀಳ್ತೀನಿ, ಯಾರಿಗೂ ಹೇಳಬ್ಯಾಡ. ಹ್ವಾದ ಸಲ ಮಂದಿ ಗಂಟು ಇಳಸೂ ಗದ್ದಲದಾಗ ನನ್ನ ಚೀಲಾ ಬಸ್ಸಿನ್ಯಾಗ ಬಿಟ್ಟೆ. ಎಲ್ಲಾರದೂ ಮುಟ್ಟಿತು, ನನ್ನದ ಹೈದರಾಬಾದ್ ನೋಡಾಕ ಹೋತು."

ಅಂಬಿಕಾ ಕೇಳಿದಳು, "ಸಿದ್ರಾಮ ಕಾಕಾ, ಒಂದ ಗಂಟಾದರ ಒಯ್ತಿದ್ದಿ?"

"ಒಂದಕ್ಕ ಯಾಕ ಒಲ್ಲೆ ಅನ್ಲಿ ಯವ್ವಾ? ಒಂದ ಅಂತ ಯಾರ ಬಿಡ್ತಾರ? ಒಬ್ಬರದ ತೊಗೊಂಡು ಇನ್ನೊಬ್ಬರ ಮಾರಿ ನೋಡಿ ಒಲ್ಲೆ ಅನ್ನಾಕ ನನ್ನ ಕಡೆ ಆಗೂದಿಲ್ಲ. ಅದಕ್ಕ ಬಜಾರಕ್ಕ ಹೊಂಟೀನಿ ಅಂತೀನಿ."

ಅವನು ಹೋದ. ಅಂಬಿಕಾ ಮಳೆಯಲ್ಲಿ ಹಾಲಿನ ಪಾತ್ರೆ ಹಿಡಿದು ಹಾಗೇ ನಿಂತಳು. ಪಾತ್ರೆಯಲ್ಲಿ ನೀರು ತುಂಬಿತು. ಬೈದೆ. ಅವಳಿಗೆ ಕೇಳಿಸಲಿಲ್ಲ.

ಮನೆಗೆ ಬಂದು ಪುಟವನ್ನು ಒಡೆದು ಬೇರೆ ಮಾಡಿದಳು. ಹೋಗುವವರು ಎಷ್ಟು ಗಂಟು ಒಯ್ಯುತ್ತೇನೆ ಎಂದು ಮಾತ್ರ ಹಾಕಿದರೆ ಸಾಕು, ಹೆಸರು ಯಾರಿಗೂ ಕಾಣುವುದಿಲ್ಲ. ಮೊದಲು ಒತ್ತಿದವರಿಗೆ ಜಾಗ, ಹೋಗುವವರ ಹೆಸರು ಅವರಿಗೆ ಮಾತ್ರ ತಿಳಿಯುತ್ತದೆ. ಆಮೇಲೆ ಬಂದವರಿಗೆ "ಜಾಗ ತುಂಬಿದೆ" ಎಂದು ಬರುತ್ತದೆ.

"ಆಯಿ, ಇದರ ಕೆಲಸ ಗಂಟು ಕೂಡಸೂದಲ್ಲ. ಒಲ್ಲೆ ಅನ್ನೂದು. ಮಂದಿಗೆ ಅನ್ನಾಕ ಬರೂದಿಲ್ಲ, ಇದು ಅಂತದ."

ಇದೆಂಥ ಕೆಲಸ ಅಂದುಕೊಂಡೆ. ಆದರೆ ಶ್ರಾವಣ ಹತ್ತುವ ಹೊತ್ತಿಗೆ ಒಯ್ಯುವವರು ಬರತೊಡಗಿದರು. ಒಂದು ಗಂಟು, ಒಂದೇ ಗಂಟು, ಸಣ್ಣದಿದ್ದರೆ ಎರಡು. ಊರಿನ ಮುಖ ನೋಡಿ ವರ್ಷಗಳಾದವು ಎಂದು ಗಿರಣಿಯ ಮುಂದೆ ಕಣ್ಣೊರೆಸಿಕೊಳ್ಳುತ್ತಿದ್ದ ಹೆಂಗಸು ಎರಡು ತಿಂಗಳಿಗೊಮ್ಮೆ ಹೋಗಿ ಬರುತ್ತಾಳೆ ಎಂದು ಆಗ ತಿಳಿಯಿತು. ಸಿದ್ರಾಮನೂ ವಾಪಸು ಬಂದವನು ಪುಟದಲ್ಲಿ ಸೇರಿದ.

ಮಲ್ಲಪ್ಪನಿಗೆ ಹೇಳಿದರೆ, "ಹೊಸದಾಗ ಅಗಸ ಗ್ವಾಣಿ ಎತ್ತಿ ಎತ್ತಿ ಒಗೀತಾನ. ಗಣಪತಿ ಇನ್ನಾ ಬಂದಿಲ್ಲ" ಅಂದ.

ಶ್ರಾವಣದ ಕೊನೆಗೆ ನನ್ನ ಗಂಡನ ವರ್ಷದ ಎಡೆ ಬರುತ್ತದೆ. ಊರಲ್ಲಿ ಮೈದುನನ ಮನೆಯಲ್ಲಿ ಮಾಡುತ್ತಾರೆ. ಎಡೆಯ ಮುಂದೆ ಹೊಸ ಧೋತರ ಇಡಬೇಕು, ಅದನ್ನು ನಾನು ಇಲ್ಲಿಂದ ಕಳಿಸುತ್ತೇನೆ. ಪೂಜೆ ಆದಮೇಲೆ ಮೈದುನ ಉಟ್ಟುಕೊಳ್ಳುತ್ತಾನೆ. ಆ ವಾರ ಊರಿಗೆ ಹೋಗುವವನು ಸಿದ್ರಾಮ ಒಬ್ಬನೇ. ಒಂದು ಗಂಟು ಎಂದು ಹಾಕಿದ್ದ. ಸುಶೀಲಾ ತನ್ನ ಫೋನಿನಿಂದ ಒತ್ತಿದಳು, ಜಾಗ ನಮಗೆ ಸಿಕ್ಕಿತು. ಧೋತರವನ್ನು ಹಳೆಯ ಟವೆಲಿನಲ್ಲಿ ಸುತ್ತಿ ಗಂಟು ಕಟ್ಟಿ ಇಟ್ಟೆ.

ಸಿದ್ರಾಮ ಹೊರಡುವ ಹಿಂದಿನ ದಿನ ಮಧ್ಯಾಹ್ನ ಚಂದಮ್ಮ ಬಂದಳು. ಫ್ಲ್ಯಾಟುಗಳ ಸೊಸೈಟಿಯೊಂದರಲ್ಲಿ ಕಸ ಗುಡಿಸುವವಳು, ನಮ್ಮ ಗಲ್ಲಿಯ ತುದಿಯ ತಗಡಿನ ಖೋಲಿಯವಳು. ಮಗಳು ಚೊಚ್ಚಲ ಬಸುರಿಯಾಗಿದ್ದಳು. ತವರಿಗೆ ಕರೆತರಬೇಕಿತ್ತು. ಆದರೆ ಮಳೆಗೆ ಖೋಲಿಯಲ್ಲಿ ನೀರು ನಿಂತು ಮಂಚದ ಕೆಳಗೆ ಇಟ್ಟಿಗೆ ಇಟ್ಟುಕೊಂಡು ಮಲಗುತ್ತಿದ್ದಳು. ಅಲ್ಲಿ ಬಾಣಂತಿಯನ್ನು ಎಲ್ಲಿ ಇಡುವುದು? ಮಗಳು ಗಂಡನ ಊರಲ್ಲೇ ಹಡೆದಳು. ನಮ್ಮೂರ ಪಕ್ಕದ ಹಳ್ಳಿ ಅದು. ರಜೆ ಹಾಕಿದರೆ ಬೇರೆಯವಳನ್ನು ಇಟ್ಟುಕೊಳ್ಳುತ್ತೇವೆ ಎಂದು ಸೊಸೈಟಿಯವರು ಹೇಳಿದ್ದರು. ಹಾಗಾಗಿ ಚಂದಮ್ಮ ಹೋಗುವಂತಿರಲಿಲ್ಲ. ತೊಟ್ಟಿಲಿಗೆ ಹಾಕುವ ದಿನಕ್ಕೆಂದು ಕೂಸಿಗೆ ಹೊದೆಸಲು ಸಣ್ಣ ಕೌದಿ, ತಲೆಗೆ ಕುಲಾಯಿ ಹೊಲಿದಿದ್ದಳು. ಅವು ತವರಿನಿಂದಲೇ ಬರಬೇಕು.

ಬಾಗಿಲಲ್ಲೇ ನಿಂತು ಸುರುಮಾಡಿದಳು. "ಕಾಶವ್ವ, ನಿನ್ನ ಮೊಮ್ಮಗಳ ಪುಟ ನನಗ ಜಾಗ ತುಂಬೇದ ಅಂತದ."

"ತುಂಬಿದ್ದರ ಅಂತದ."

"ಅದಕ್ಕೇನ ಮಾರಿ ಅದ, ಬೈಯಾಕ? ಅದಕ್ಕ ನಿನಗ ಬೈಯಾಕ ಬಂದೀನಿ. ನಾಡಿದ್ದ ಬಿಟ್ಟ ಮರುದಿನ ತೊಟ್ಟಲಾ. ಅವತ್ತ ಕೂಸಿನ ಮೈ ಮ್ಯಾಲ ಅತ್ತಿ ಮನಿ ಹರಕ ಸೀರಿ ಬಿತ್ತಂದರ, ನನ್ನ ಮಗಳು ಸಾಯೂತನಕ ಮಾತ ಕೇಳಬೇಕು. ತವರಿಗೂ ಕರೀಲಿಲ್ಲ, ಒಂದ ಕುಲಾಯಿನೂ ಕಳಸಲಿಲ್ಲ ಅಂತ."

ಪ್ಲಾಸ್ಟಿಕ್ ಹೊದೆಸಿದ ಗಂಟು ಬಿಚ್ಚಿ ತೋರಿಸಿದಳು. ಕೆಂಪು ಕುಲಾಯಿ, ಅಂಚಿಗೆ ಕನ್ನಡಿ ಚೂರು. ಸೊಸೈಟಿಯಲ್ಲಿ ಯಾರೋ ಎಸೆದ ಪರದೆಯ ಬಟ್ಟೆ, ಆದರೆ ಹೊಲಿಗೆ ಚೆನ್ನಾಗಿತ್ತು.

ಒಂದು ಗಂಟಿನ ಜೊತೆ ಇನ್ನೊಂದು ಹೋದರೆ ಏನಾಗುತ್ತದೆ ಅಂದುಕೊಂಡೆ. "ಇಟ್ಟ ಹೋಗ. ಸಿದ್ರಾಮಗ ನಾ ಹೇಳ್ತೀನಿ. ನಾ ಹೇಳಿದರ ಒಲ್ಲೆ ಅನ್ನಾವಲ್ಲ."

ಒಳಗಿಂದ ಅಂಬಿಕಾ ಎದ್ದು ಬಂದಳು. "ಇಡಬ್ಯಾಡ್ರಿ ಚಂದಮ್ಮ ಕಾಕು. ಸಂಜಿತನಕ ತಡೀರಿ."

ಚಂದಮ್ಮ ನನ್ನನ್ನು ನೋಡಿದಳು, ಅವಳನ್ನು ನೋಡಿದಳು. "ಕಲತ ಮಕ್ಕಳ ಮನಿ ಇದು, ನಮ್ಮದೇನ ನಡೀತದ" ಅಂದು ಗಂಟು ಕಂಕುಳಲ್ಲಿ ಇಟ್ಟುಕೊಂಡು ಮಳೆಯಲ್ಲಿ ಹೋದಳು.

ನನಗೆ ಸಿಟ್ಟು ಬಂತು. "ಒಂದ ಹಿಡಿ ಬಟ್ಟಿ ಅದ. ಆ ಸಿದ್ರಾಮಗ ಅದು ಭಾರ ಆಗತದೇನ? ಕೂಸಿಗಿಂತ ನಿನ್ನ ಪುಟ ದೊಡ್ಡದಾತೇನ?"

"ನೀ ಹೇಳಿದರ ಕಾಕಾ ಒಯ್ತಾನ ಆಯಿ, ಖರೆ. ಮುಂದಿನ ಸಲ ಪುಟದಾಗ ಹಾಕೂದಿಲ್ಲ, ಬಜಾರಕ್ಕ ಹೊಂಟೀನಿ ಅಂತಾನ. ಒಂದ ಅಂದರ ಒಂದ ಅಂತ ನಂಬಿ ಬಂದಾನ. ಅವ ಹ್ವಾದ ಮ್ಯಾಲ ಉಳಿದವರೂ ಹೋಗ್ತಾರ. ಆಮ್ಯಾಲ ಗಣಪತಿ ಬರತಾನ, ನಾ ಅಂಗಡಿಗೆ ಹೋಗ್ತೀನಿ."

"ಹೋಗ. ಅಂಗಡಿಯೇನ ಹುಲಿ ಬೋನಲ್ಲ."

ಅವಳು ಮೂಲೆಯಲ್ಲಿ ನಮಗೆ ಬೆನ್ನು ಹಾಕಿ ಲ್ಯಾಪ್‌ಟಾಪ್ ಬಡಿಯುತ್ತ ಕೂತಳು. ಸುಶೀಲಾ ಹಿಟ್ಟು ನಾದುತ್ತಿದ್ದಳು. ನಾನು ಮುಖ ತಿರುಗಿಸಿ ಬಳ್ಳೊಳ್ಳಿ ಸುಲಿದೆ. ತಗಡಿನ ಮೇಲೆ ಮಳೆ ಹೊಡೆಯುತ್ತಿತ್ತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಹಲಗೆಯ ಮೇಲೆ, ಹಿಂಡಿ ಡಬ್ಬಿಯ ಪಕ್ಕದಲ್ಲಿದ್ದ ಸುಶೀಲಾಳ ಫೋನು ಟಿಣ್ ಎಂದಿತು. ಅವಳ ಕೈಗೆ ಹಿಟ್ಟು. "ಅತ್ತಿ, ಏನದ ನೋಡ್ರಿ" ಅಂದಳು. ಕನ್ನಡಕ ಹಾಕಿಕೊಂಡು ಓದಿದೆ.

"ನಿಮ್ಮ ಗಂಟಿನ ಜಾಗವನ್ನು ಇನ್ನೊಬ್ಬರು ಕೇಳುತ್ತಿದ್ದಾರೆ. ಅವರ ಗಂಟು ತೊಟ್ಟಿಲಿಗೆ ಮುಟ್ಟಬೇಕು. ಬಿಟ್ಟುಕೊಡುತ್ತೀರಾ? ನೀವು ಒಲ್ಲೆ ಅಂದರೂ ನಿಮ್ಮ ಹೆಸರು ಯಾರಿಗೂ ತಿಳಿಯುವುದಿಲ್ಲ."

ಕೆಳಗೆ ಎರಡು ಗುಂಡಿ. ಬಿಡುತ್ತೇನೆ. ಒಲ್ಲೆ. ಎರಡೂ ಒಂದೇ ಅಳತೆಯವು.

ನಾನು ಅಂಬಿಕಾಳ ಬೆನ್ನು ನೋಡಿದೆ. ಕೈ ಚಾಚಿದರೆ ಅವಳ ಜಡೆ ಸಿಗುವಷ್ಟು ಹತ್ತಿರ. ಅವಳು ತಿರುಗಲಿಲ್ಲ.

"ಇಲ್ಲೇ ಕುಂತು ಫೋನಿನ್ಯಾಗ ಕೇಳ್ತಿಯಲ್ಲ, ಬಾಯಿ ಇಲ್ಲೇನ ನಿನಗ?"

"ಬಾಯಿಲೆ ಕೇಳಿದರ ನಿನಗ ಒಲ್ಲೆ ಅನ್ನಾಕ ಬರೂದಿಲ್ಲ ಆಯಿ." ಗೋಡೆಗೇ ಹೇಳಿದಳು. "ಅಜ್ಜನ ಧೋತರ ಅದು. ಒಲ್ಲೆ ಅನ್ನಬೇಕಂದರ ಅನ್ನಾಕ ಬರಬೇಕು."

ಸುಶೀಲಾ ಹಿಟ್ಟಿನ ಕೈ ಹಾಗೇ ಹಿಡಿದು ನಿಂತಳು. ನಾನು ಕೂಡಲೇ ಒತ್ತಲಿಲ್ಲ. ಸುಳ್ಳು ಯಾಕೆ ಹೇಳಲಿ? ಅವನು ಹೋದಮೇಲೆ ಒಂದು ವರ್ಷವೂ ಧೋತರ ತಪ್ಪಿಸಿರಲಿಲ್ಲ. ಊರಲ್ಲಿ ಮೈದುನನ ಹೆಂಡತಿ ಏನು ಅನ್ನುತ್ತಾಳೆ ಎಂದು ನನಗೆ ಗೊತ್ತು. ಗಂಡನ ಗಳಿಕೆಯ ಮನೆಯಲ್ಲಿ ಕೂತು ಒಂದು ಧೋತರಕ್ಕೆ ಗತಿಯಿಲ್ಲವೇ ಅನ್ನುತ್ತಾಳೆ. ಚಂದಮ್ಮನ ಮಗಳಿಗೆ ಒಂದು ಮಾತಾದರೆ ನನಗೂ ಒಂದು ಮಾತು ಕಾದಿತ್ತು. ಬಳ್ಳೊಳ್ಳಿ ಪೂರ್ತಿ ಸುಲಿದು ಮುಗಿಸಿದೆ. ಆಮೇಲೆ ಲೆಕ್ಕ ಸರಳವಾಯಿತು. ಸತ್ತವನಿಗೆ ಮುಂದಿನ ವರ್ಷವೂ ಎಡೆ ಇದೆ. ಕೂಸಿಗೆ ಇನ್ನೊಮ್ಮೆ ತೊಟ್ಟಿಲು ಇಲ್ಲ. ನನ್ನ ಕೈಬೆರಳು ಒರಟು, ಫೋನು ತಿಳಿಯುವುದಿಲ್ಲ. ಮೂರು ಸಲ ಒತ್ತಿದಮೇಲೆ ಹೋಯಿತು.

ಆಗ ಮೂಲೆಯಲ್ಲಿ ಅಂಬಿಕಾಳ ಲ್ಯಾಪ್‌ಟಾಪು ಸದ್ದು ಮಾಡಿತು. ಅವಳು ಹಾಗೇ ಕೂತು ಮೂಗು ಒರೆಸಿಕೊಂಡಳು. ಆಮೇಲೆ ತಾನೇ ಛತ್ರಿ ತೆಗೆದುಕೊಂಡು ಚಂದಮ್ಮನ ಖೋಲಿಗೆ ಹೋಗಿ ಜಾಗ ಆಗಿದೆ ಎಂದು ಹೇಳಿ ಬಂದಳು. ಯಾರು ಬಿಟ್ಟರು ಎಂದು ಹೇಳಲಿಲ್ಲ.

ಮೈದುನನಿಗೆ ಫೋನು ಮಾಡಿ, ಈ ವರ್ಷ ಹಳೆಯ ಧೋತರವನ್ನೇ ಒಗೆದು ಇಡು ಅಂದೆ. ಅವನು ಅಣ್ಣನ ಆತ್ಮ, ಶಾಸ್ತ್ರ ಎಂದೆಲ್ಲ ಹೇಳಿದ. ಉಡುವವನು ತಾನು, ಹೆಸರು ಅಣ್ಣನದು.

ಕುಲಾಯಿ ಮುಟ್ಟಿತು. ಚಂದಮ್ಮನ ಮಗಳು ಫೋಟೋ ಕಳಿಸಿದಳು. ಕುಲಾಯಿ ದೊಡ್ಡದಾಗಿ ಕೂಸಿನ ಕಣ್ಣು ಮುಚ್ಚಿತ್ತು, ತೊಟ್ಟಿಲಲ್ಲಿ ಬಾಯಿ ಮಾತ್ರ ಕಾಣುತ್ತಿತ್ತು. ಚಂದಮ್ಮ ಆ ಫೋಟೋವನ್ನು ಗಲ್ಲಿಯೆಲ್ಲ ತೋರಿಸಿದಳು. ಜೊತೆಗೆ, "ಕಾಶವ್ವನ ಮೊಮ್ಮಗಳು ಜಾಗಾ ಇಟಗೊಂಡ ಇಲ್ಲ ಅಂದಿದ್ದಳು, ನಾ ಹೋಗಿ ಜೋರ ಮಾಡಿದ ಮ್ಯಾಲ ಕೊಟ್ಟಳು" ಎಂದು ಗಿರಣಿಯ ಮುಂದೆ ಹೇಳಿದಳಂತೆ. ಅಂಬಿಕಾ ನಕ್ಕಳು. ನನಗೆ ನಗು ಬರಲಿಲ್ಲ, ಆದರೆ ಬಾಯಿ ಮುಚ್ಚಿಕೊಂಡಿದ್ದೆ. ಹೆಸರು ಹೇಳುವುದಿಲ್ಲ ಎಂದು ಪುಟ ಮಾತು ಕೊಟ್ಟಿತ್ತಲ್ಲ.

ನಾನು ಜಾಗ ಬಿಟ್ಟ ರಾತ್ರಿಯೇ ಊಟದ ಹೊತ್ತಿಗೆ ಸುಶೀಲಾ ಮಲ್ಲಪ್ಪನಿಗೆ ನಡೆದದ್ದನ್ನು ಹೇಳಿದ್ದಳು. ಅವನು ರೊಟ್ಟಿ ಮುರಿಯುತ್ತ, "ಅವ್ವಗೂ ಫೋನಿನ್ಯಾಗ ಕೇಳಿದಳೇನು?" ಅಂದ. ಅಷ್ಟೇ. ಗಣಪತಿ ಕೂರಲು ಎರಡು ದಿನ ಇರುವಾಗ, ಬೀದಿಯಲ್ಲಿ ಮಂಟಪ ಕಟ್ಟುವ ಸದ್ದು ಕೇಳುತ್ತಿರುವಾಗ, ಕೆಲಸದಿಂದ ಬಂದು ಕಾಲು ತೊಳೆದು ಮಗಳ ಪಕ್ಕದಲ್ಲಿ ಕೂತ. ಅಂಬಿಕಾ ಅಂಗಡಿಯ ಮಾತು ಬಂತು ಎಂದು ತಲೆ ಕೆಳಗೆ ಹಾಕಿದಳು.

"ಆಳು ಕರಕೊಂಡ ಬರಾಕ ಸ್ವಾಮಾರ ಊರಿಗೆ ಹೊಂಟೀನಿ" ಅಂದ. "ಎರಡ ಗಂಟು ಅಂತ ಇದರಾಗ ಹೆಂಗ ಹಾಕೂದು?"

ಅವನೂ ಇಷ್ಟು ವರ್ಷ ಬಜಾರಕ್ಕೆ ಹೋಗುವವನೇ. ಅಂಬಿಕಾ ಫೋನು ಹಿಡಿದು ತೋರಿಸಿದಳು. ಅವನ ಬೆರಳು ನನ್ನದಕ್ಕಿಂತ ಒರಟು, ಸಿಮೆಂಟು ತಿಂದದ್ದು. ಗುಂಡಿ ಕೇಳಲೇ ಇಲ್ಲ. ಕೊನೆಗೆ ಸುಶೀಲಾ ಒತ್ತಿದಳು. ಸದಾಶಿವ ಪೇಠದ ಅಂಗಡಿಯವರು ಬೇರೆ ಹುಡುಗಿಯನ್ನು ಇಟ್ಟುಕೊಂಡರು.

ಆ ಪುಟ ನೋಡಿ ಅಂಬಿಕಾಗೆ ಯಾರೂ ಕೆಲಸ ಕೊಡಲಿಲ್ಲ. ಚಳಿಗಾಲದಲ್ಲಿ ಬೇರೆ ಏನೋ ಪರೀಕ್ಷೆ ಬರೆದು ಶಿವಾಜಿನಗರದ ಒಂದು ಆಫೀಸಿಗೆ ಸೇರಿದಳು. ಪುಟ ಇನ್ನೂ ನಡೆಯುತ್ತಿದೆ. ಬಿಡುತ್ತೇನೆ, ಒಲ್ಲೆ ಎಂಬ ಆ ಗುಂಡಿಗಳೂ ಅದರಲ್ಲಿ ಉಳಿದಿವೆ. ಒಲ್ಲೆ ಅನ್ನುವವರೇ ಹೆಚ್ಚು ಅನ್ನುತ್ತಾಳೆ ಅಂಬಿಕಾ. ಇರಲಿ, ಅನ್ನಲಿಕ್ಕೆಂದೇ ಅಲ್ಲವೇ ಇಟ್ಟದ್ದು. ಫೋನ್ ಕಾಲ್ ಸಾಕು ಎಂದು ಬರೆದಿದ್ದವನಿಗೆ ಅವಳು ಒಂದು ಸಾಲು ಉತ್ತರ ಬರೆದಳು. ಫೋನಿನಲ್ಲಿ ಮಾತಾಡುತ್ತ ಒಲ್ಲೆ ಅನ್ನಲು ನಮ್ಮವರಿಗೆ ಬರುವುದಿಲ್ಲ ಎಂದು. ಅವನು ಮತ್ತೇನೂ ಬರೆಯಲಿಲ್ಲ. ಓದಿದನೋ ಇಲ್ಲವೋ.

ಈ ವರ್ಷ ಎಡೆಗೆ ನಾನೇ ಹೊರಟೆ. ಒಂದು ಗಂಟು ಎಂದು ಪುಟದಲ್ಲಿ ಹಾಕಿಸಿದ್ದೆ. ಬಸ್ಸು ಬರುವ ಮೊದಲು ಒಬ್ಬ ಹೆಂಗಸು ಕೈಚೀಲ ಹಿಡಿದು ನನ್ನ ಮುಂದೆ ನಿಂತಳು.

"ಆಯಿ, ಇಂಡಿಗೇನ್ರಿ? ಇದೊಂದು ಸಣ್ಣದು..."

ಫೋನು ತೆಗೆದು ತೋರಿಸಿದೆ. "ಜಾಗ ತುಂಬೇದ ಯವ್ವಾ. ನಾ ಅಲ್ಲ, ಇದು ಅಂತದ."

ಅವಳು ಬೈಯುತ್ತಾ ಹೋದಳು. ಬೈದದ್ದು ಫೋನಿಗೆ. ನಾನು ಫೋನನ್ನು ಒಳಗಿಟ್ಟೆ.

ಬಸ್ಸು ಹತ್ತಿ ಕೂತು ಚೀಲ ಬಿಚ್ಚಿ ನೋಡಿದೆ. ಯಾರದೋ ಹಿಂಡಿಯ ಗಂಟು ಎಣ್ಣೆ ಬಿಟ್ಟು, ಕೆಳಗೆ ಮಡಿಚಿಟ್ಟ ಧೋತರದ ಅಂಚಿಗೆ ಅಂಗೈಯಷ್ಟು ಕಲೆಯಾಗಿತ್ತು. ಹೋದ ವರ್ಷ ಜಾಗ ಬಿಟ್ಟುಕೊಟ್ಟ ಅದೇ ಧೋತರ. ವರ್ಷವಿಡೀ ಟ್ರಂಕಿನಲ್ಲಿ ಮಡಿಕೆ ಮುರಿಯದೆ ಇಟ್ಟಿದ್ದೆ. ಮೈದುನ ಮುಖ ಗಂಟಿಕ್ಕುತ್ತಾನೆ, ಅದು ಅವನ ಹಣೆಬರಹ. ಎಡೆ ಉಣ್ಣುವವನು ಏನೂ ಅನ್ನುವುದಿಲ್ಲ. ಬದುಕಿದ್ದಾಗಲೂ ಹಿಂಡಿ ರೊಟ್ಟಿ ತಿಂದ ಕೈಯನ್ನು ಅವನು ಧೋತರಕ್ಕೇ ಒರೆಸುತ್ತಿದ್ದ.